ಕಾರ್ಬ್ಯುರೇಟರನ್ನು ಟಾಯ್ಲೆಟ್ ಕ್ಲೀನರಿನಲ್ಲಿ ನೆನೆಹಾಕಲು ಬಿಡಬೇಡಿ

ನಮ್ಮ ತಂದೆಯವರ ಬೈಕ್ ಯೆಜ್ಡಿ ರೋಡ್‌ಕಿಂಗ್ ಮಳೆಗಾಲವೆಲ್ಲ ಓಡದೆ ನಿಂತಿದ್ದರಿಂದ ಎಷ್ಟು ಕಿಕ್ ಹೊಡೆದರೂ ಸ್ಟಾರ್ಟ್ ಆಗುತ್ತಿರಲಿಲ್ಲ. ಹತ್ತಿರದ ಗ್ಯಾರೇಜಿಗೆ ಕೊಟ್ಟಾಗ ಅಲ್ಲಿನ ಮೆಕ್ಯಾನಿಕ್, ಎಂಜಿನ್ನಿಗೆ ಪೆಟ್ರೋಲನ್ನು ಗಾಳಿಯೊಡನೆ ಬೆರೆಸಿ ಕೊಡುವ ಕಾರ್ಬ್ಯುರೇಟರನ್ನು ಬಿಚ್ಚಿ, ಟಾಯ್ಲೆಟ್ ಕ್ಲೀನರಿನಲ್ಲಿ ರಾತ್ರಿಯಿಡೀ ನೆನೆಹಾಕಿ, ಬೆಳಿಗ್ಗೆ ನಲ್ಲಿ ನೀರಿನಲ್ಲಿ ತೊಳೆದು ಜೋಡಿಸಿದರು. ಗಾಡಿ ಸ್ಟಾರ್ಟ್ ಆಯಿತು, ಆದರೆ ಸ್ಲೋ (ಆಕ್ಸಿಲರೇಟರ್ ಬಿಟ್ಟಾಗಿನ ನಿಧಾನ ಓಟ) ನಿಲ್ಲುತ್ತಿರಲಿಲ್ಲ, ನಿಲ್ಲಿಸಿದ ಜಾಗದಲ್ಲಿ ಪೆಟ್ರೋಲ್ ತೊಟ್ಟಿಕ್ಕುತ್ತಿತ್ತು. ಕೆಲವೇ ವಾರಗಳಲ್ಲಿ, ಅಣ್ಣ ಹುಣಸೂರು ರಸ್ತೆಯಲ್ಲಿ ಹೋಗುತ್ತಿದ್ದಾಗ ಪಿಸ್ಟನ್ ಸಿಲಿಂಡರಿನಲ್ಲಿ ಸಿಕ್ಕಿಹಾಕಿಕೊಂಡು (ಸೀಜ್ ಆಗಿ) ಹಿಂದಿನ ಚಕ್ರ ಹಿಡಿದುಕೊಂಡಿತು. ತಕ್ಷಣ ಕ್ಲಚ್ ಹಿಡಿದು ಗಾಡಿಯನ್ನು ಬದಿಗೆ ತಂದದ್ದರಿಂದ ಮತ್ತು ಹಿಂದೆ ಲಾರಿ ಬಸ್ಸುಗಳು ಇಲ್ಲದಿದ್ದುದರಿಂದ ಜೀವ ಉಳಿಯಿತು.

ಬೇರೊಬ್ಬ ಹಿರಿಯ ಮೇಸ್ತ್ರಿಗಳು ಕಾರ್ಬ್ಯುರೇಟರ್ ಬಿಚ್ಚಿ ತೋರಿಸಿದಾಗ ಕಾರಣ ಕಣ್ಣೆದುರಿಗೇ ಇತ್ತು. ಪೆಟ್ರೋಲ್ ನಿಲ್ಲುವ ಫ್ಲೋಟ್ ಬಟ್ಟಲಿನ ತಳದಲ್ಲಿ ಬಿಳಿಯ ಪುಡಿ ಕೂತಿತ್ತು, ಅದೇ ಪುಡಿ, ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ರಂಧ್ರದ ಮೇನ್ ಜೆಟ್ಟಿನ ಬಾಯಿಯನ್ನು ಅರ್ಧ ಮುಚ್ಚಿತ್ತು. ಹಳದಿ ಬಣ್ಣದ ಹಿತ್ತಾಳೆ ಜೆಟ್ಟುಗಳು ತಾಮ್ರದಂತೆ ಕೆಂಪಾಗಿದ್ದವು, ಎಂದರೆ ಹಿತ್ತಾಳೆಯೊಳಗಿನ ಸತು ಕರಗಿಹೋಗಿತ್ತು. ಬಟ್ಟಲಿಗೆ ಬರುವ ಪೆಟ್ರೋಲನ್ನು ತಡೆಯುವ ಫ್ಲೋಟ್ ನೀಡಲ್ ಕೂರುವ ಜಾಗ ಸಣ್ಣ ಸಣ್ಣ ಗುಳಿ ಬಿದ್ದು ಒರಟಾಗಿತ್ತು. ಈ ಗಾಡಿಯಲ್ಲಿ ಎಂಜಿನ್ನಿಗೆ ಬೇಕಾದ ಆಯಿಲ್ ಪೆಟ್ರೋಲಿನ ಜೊತೆಯಲ್ಲೇ ಬೆರೆತು ಬರುವುದರಿಂದ, ಜೆಟ್ ಕಟ್ಟಿಕೊಂಡು ಪೆಟ್ರೋಲ್ ಕಡಿಮೆಯಾದಾಗ ಬಿಸಿ ಏರುವುದಷ್ಟೇ ಅಲ್ಲ, ಪಿಸ್ಟನ್ನಿಗೆ ಆಯಿಲ್ ಕೂಡ ಸಾಲದೆ ಹೋಗುತ್ತದೆ.

ಈ ಪದ್ಧತಿಯ ಮೂಲದಲ್ಲೇ ತಪ್ಪಿದೆ. ನಿಂತ ಗಾಡಿಯ ಜೆಟ್ಟಿನಲ್ಲಿ ಕಟ್ಟಿಕೊಳ್ಳುವುದು ಪೆಟ್ರೋಲ್ ಆವಿಯಾಗಿ, ಗಾಳಿಯೊಡನೆ ಸೇರಿ ಉಳಿಯುವ ಅಂಟು. ಅದು ಆಸಿಡ್ಡಿಗೆ ಕರಗುವ ವಸ್ತುವಲ್ಲ. ಪೆಟ್ರೋಲಿಯಂ ಮೂಲದ ದ್ರಾವಕಗಳಿಗೆ, ಅದಕ್ಕೆಂದೇ ತಯಾರಾದ ಕಾರ್ಬ್ಯುರೇಟರ್ ಕ್ಲೀನರಿಗೆ ಕರಗುತ್ತದೆ. ಆಸಿಡ್ ಕರಗಿಸುವುದು ಲೋಹವನ್ನು. ಕಾರ್ಬ್ಯುರೇಟರಿನ ಒಡಲು ಸಾಮಾನ್ಯವಾಗಿ ಸತು ಅಥವಾ ಅಲ್ಯೂಮಿನಿಯಂ ಮಿಶ್ರಲೋಹದ ಎರಕ. ಟಾಯ್ಲೆಟ್ ಕ್ಲೀನರುಗಳಲ್ಲಿ ಹಲವು ಹೈಡ್ರೋಕ್ಲೋರಿಕ್ ಆಮ್ಲದಿಂದ ತಯಾರಾದವು. ಈ ಆಮ್ಲ ಸತುವಿಗೆ ತಗುಲಿದೊಡನೆ ಜಲಜನಕ ಅನಿಲ ಗುಳ್ಳೆಗುಳ್ಳೆಯಾಗಿ ಏಳುತ್ತದೆ, ನೋಡಿದವರು ಕೊಳೆ ಬಿಡುತ್ತಿದೆಯೆಂದು ಭಾವಿಸುತ್ತಾರೆ. ಉಳಿಯುವ ಸತುವಿನ ಕ್ಲೋರೈಡು ಗಾಳಿಯ ತೇವವನ್ನು ಎಳೆದುಕೊಳ್ಳುವ ಲವಣವಾದ್ದರಿಂದ, ಸಣ್ಣ ದಾರಿಗಳಲ್ಲಿ ಸ್ವಲ್ಪ ಉಳಿದರೂ ತೊಳೆದ ಮೇಲೆಯೂ ತುಕ್ಕು ಮುಂದುವರಿಯುತ್ತದೆ.

ಹುಣಸೆಹುಳಿ, ನಿಂಬೆರಸ, ವಿನೆಗರ್ ಮನೆಯವಾದ್ದರಿಂದ ನಿರಪಾಯವೆಂದು ಹೇಳುವವರಿದ್ದಾರೆ. ಹಿತ್ತಾಳೆ ಚೊಂಬಿಗೆ ಹುಣಸೆಹಣ್ಣು ಸರಿ, ಅಲ್ಲಿ ಸವೆಯುವ ಪದರದಿಂದ ಯಾವ ನಷ್ಟವೂ ಇಲ್ಲ. ಜೆಟ್ಟಿನ ಮಾತು ಬೇರೆ. ಸ್ಲೋ ಓಟಕ್ಕೆ ಪೆಟ್ರೋಲ್ ಕೊಡುವ, 0.40 ಮಿಲಿಮೀಟರ್ ವ್ಯಾಸದ ಪೈಲಟ್ ಜೆಟ್ 0.45ಕ್ಕೆ ಅಗಲವಾದರೆ ರಂಧ್ರದ ವಿಸ್ತೀರ್ಣ ನಾಲ್ಕನೇ ಒಂದು ಭಾಗಕ್ಕಿಂತ ಹೆಚ್ಚು ಬೆಳೆದು ಪೆಟ್ರೋಲಿನ ಅಳತೆ ತಪ್ಪುತ್ತದೆ. ಇದೇ ಕಾರಣಕ್ಕೆ ಜೆಟ್ಟಿಗೆ ಪಿನ್ನು, ಗಟ್ಟಿ ತಂತಿ ಹಾಕಿ ತಿರುವುವುದೂ ಸಲ್ಲದು. ಕಾಸ್ಟಿಕ್ ಸೋಡಾ, ವಾಷಿಂಗ್ ಸೋಡಾ ಆಮ್ಲಗಳಲ್ಲ, ಕ್ಷಾರಗಳು. ಆದರೆ ಅಲ್ಯೂಮಿನಿಯಂ ಕ್ಷಾರಕ್ಕೂ ಕರಗುತ್ತದೆ. ಥಿನ್ನರ್ ಲೋಹಕ್ಕೆ ಕೇಡು ಮಾಡದಿದ್ದರೂ ರಬ್ಬರ್ ಓ-ರಿಂಗುಗಳನ್ನು ಉಬ್ಬಿಸಿ ಕೆಡಿಸುತ್ತದೆ.

ಮನೆಯಲ್ಲಿ ಮಾಡುವವರಿಗೆ ಇನ್ನೂ ಮುಖ್ಯವಾದ ಮಾತೊಂದಿದೆ. ಟಾಯ್ಲೆಟ್ ಆಸಿಡ್ಡಿಗೆ ಬ್ಲೀಚಿಂಗ್ ಪೌಡರ್ ಬೆರೆತರೆ ಕ್ಲೋರಿನ್ ಅನಿಲ ಹೊರಬರುತ್ತದೆ, ಮುಚ್ಚಿದ ಬಚ್ಚಲಿನಲ್ಲಿ ಅದು ಶ್ವಾಸಕೋಶವನ್ನೇ ಸುಡಬಲ್ಲದು. ಪೆಟ್ರೋಲ್ ಉಳಿದಿರುವ ಕಾರ್ಬ್ಯುರೇಟರನ್ನು ಗ್ಯಾಸ್ ಗೀಸರ್ ಇರುವ ಬಚ್ಚಲಿಗಾಗಲಿ ಒಲೆಯ ಬಳಿಗಾಗಲಿ ಒಯ್ಯಲೇಬಾರದು.

ಗಾಡಿ ಕೊಡುವ ಮುನ್ನ ಯಾವುದರಿಂದ ತೊಳೆಯುತ್ತೀರಿ ಎಂದು ದಯವಿಟ್ಟು ಕೇಳಿ. ರಬ್ಬರ್ ಭಾಗಗಳನ್ನೆಲ್ಲ ತೆಗೆದಿಟ್ಟು, ಕಾರ್ಬ್ಯುರೇಟರ್ ಕ್ಲೀನರ್ ಸಿಂಪಡಿಸಿ, ಪ್ರತಿ ದಾರಿಗೂ ಕಂಪ್ರೆಸರ್ ಗಾಳಿ ಹಾಯಿಸುತ್ತೇವೆ ಎಂದರೆ ಧೈರ್ಯವಾಗಿ ಕೊಡಬಹುದು. ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿದೆ, ಆ ಕಾಲದ ಒಳ್ಳೆಯ ಕಾರ್ಬ್ಯುರೇಟರ್ ಹುಡುಕುವುದು ಎಷ್ಟು ಕಷ್ಟವೆಂಬುದು ಆ ಗಾಡಿ ಇರುವವರಿಗೆಲ್ಲ ಗೊತ್ತು. ನಮ್ಮದರ ಒಡಲು ಮತ್ತೆ ಬಳಕೆಗೆ ಬರಲಿಲ್ಲ, ಸಿಲಿಂಡರನ್ನು ಒಳಗಿನಿಂದ ಕೊರೆಸಿ (ರೀಬೋರ್ ಮಾಡಿಸಿ) ಹೊಸ ಪಿಸ್ಟನ್ ಹಾಕಿಸಬೇಕಾಯಿತು. ಈಗಾಗಲೇ ಆಸಿಡ್ಡಿನಲ್ಲಿ ಅದ್ದಿದ ಕಾರ್ಬ್ಯುರೇಟರ್ ನಿಮ್ಮಲ್ಲಿದ್ದರೆ, ಅಡುಗೆ ಸೋಡಾ ಕದಡಿದ ನೀರಿನಲ್ಲಿ ತೊಳೆದು, ಬಿಸಿನೀರು ಹಾಯಿಸಿ, ಗಾಳಿಯಿಂದ ಪೂರ್ತಿ ಒಣಗಿಸಿ, ಜೆಟ್ಟು ಮತ್ತು ಫ್ಲೋಟ್ ನೀಡಲ್ ಬದಲಾಯಿಸಿ. ಬಟ್ಟಲಿನಲ್ಲಿ ಮತ್ತೆ ಬಿಳಿಯ ಪುಡಿ ಕಂಡರೆ ಆ ಗಾಡಿಯನ್ನು ಹೆದ್ದಾರಿಗೆ ಒಯ್ಯಬೇಡಿ.