ಡಿಎಫ್‌ಟಿ ಮುಗಿಯುವವರೆಗೆ ಕಾಯಲಾಗದವರಿಗೆ: ಎಕ್ಸ್‌ಟಿಬಿ, ಆನಿ, ಮೇಸ್

ಅಣುವಿನ ಶಕ್ತಿಯನ್ನು ಕ್ವಾಂಟಂ ಸೂತ್ರಗಳಿಂದ ಲೆಕ್ಕ ಹಾಕುವ ವಿಧಾನ ಡಿಎಫ್‌ಟಿ. ಅಣು ಎರಡು ಪಟ್ಟು ದೊಡ್ಡದಾದರೆ ಡಿಎಫ್‌ಟಿ ಲೆಕ್ಕಕ್ಕೆ ಸುಮಾರು 8 ಪಟ್ಟು ಸಮಯ ಬೇಕು. ಇನ್ನೂ ನಿಖರವಾದ ಸಿಸಿಎಸ್‌ಡಿ(ಟಿ) ವಿಧಾನ ಆದರೆ 128 ಪಟ್ಟು. ಒಂದೇ ಅಣುವಿನ ನೂರಾರು ಕನ್‌ಫಾರ್ಮರ್‌ಗಳನ್ನು (ಬಂಧಗಳು ತಿರುಗಿ ಆಗುವ ಬೇರೆ ಬೇರೆ ಆಕಾರಗಳನ್ನು) ಹೋಲಿಸಬೇಕಾದಾಗ ಇದು ಆಗದ ಮಾತು. ಅದಕ್ಕೇ ಮೂರು ಅಡ್ಡದಾರಿಗಳನ್ನು ಒಂದೇ ಬಗೆಯ ಅಣುಗಳ ಮೇಲೆ ಓಡಿಸಿ ನೋಡಿದೆ.

ಜಿಎಫ್‌ಎನ್2-ಎಕ್ಸ್‌ಟಿಬಿ ಮೆಷಿನ್ ಲರ್ನಿಂಗ್ ಅಲ್ಲ, ಅರೆ-ಅನುಭವಾತ್ಮಕ ವಿಧಾನ, ಅಂದರೆ ಸರಳಗೊಳಿಸಿದ ಕ್ವಾಂಟಂ ಲೆಕ್ಕಕ್ಕೆ ಮೊದಲೇ ಹೊಂದಿಸಿದ ಸಂಖ್ಯೆಗಳನ್ನು ಸೇರಿಸಿದ್ದು. ಆದರೂ ಹೋಲಿಕೆಯಲ್ಲಿ ಇರಲೇಬೇಕು, ಏಕೆಂದರೆ ಉಳಿದೆರಡು, ಅಂದರೆ ಡಿಎಫ್‌ಟಿ ಉತ್ತರಗಳಿಂದ ಕಲಿತ ಮೆಷಿನ್ ಲರ್ನಿಂಗ್ ಮಾದರಿಗಳಾದ ಆನಿ ಮತ್ತು ಮೇಸ್, ಸೋಲಿಸಬೇಕಾದದ್ದು ಇದನ್ನೇ. ಜಿಪಿಯು ಬೇಡ, ಲ್ಯಾಪ್‌ಟಾಪ್ ಸಾಕು. ರೇಡಾನ್‌ವರೆಗಿನ ಎಲ್ಲ ಮೂಲವಸ್ತುಗಳೂ ನಡೆಯುತ್ತವೆ. ಅಣುವಿನ ಚಾರ್ಜ್ ಎಷ್ಟು ಎಂದು ಹೇಳಬಹುದು, ದ್ರಾವಕದ ಪರಿಣಾಮವನ್ನೂ ಸೇರಿಸಬಹುದು. ಅಣುವಿನ ಆಕಾರ ಚೆನ್ನಾಗಿ ಕೊಡುತ್ತದೆ. ಆದರೆ ಒಂದೆರಡು ಕಿಲೋಕ್ಯಾಲರಿ ಅಂತರದ ಕನ್‌ಫಾರ್ಮರ್‌ಗಳನ್ನು ಶಕ್ತಿಯ ಪ್ರಕಾರ ಸಾಲಾಗಿ ನಿಲ್ಲಿಸು ಎಂದರೆ ಸಾಲು ಅದಲುಬದಲಾಗುತ್ತದೆ.

ಆನಿ-2ಎಕ್ಸ್ ಅಲ್ಲಿ ಗೆದ್ದಿತು. ಬೈಫಿನೈಲ್‌ನ ಎರಡು ಉಂಗುರಗಳ ನಡುವಿನ ತಿರುವನ್ನೇ ತೆಗೆದುಕೊಳ್ಳಿ. ಪ್ರಯೋಗದ ಪ್ರಕಾರ ಅನಿಲ ರೂಪದಲ್ಲಿ ಆ ಕೋನ ಸುಮಾರು 44 ಡಿಗ್ರಿ, ಎರಡೂ ಕಡೆ ತಿರುಗಲು ದಾಟಬೇಕಾದ ಶಕ್ತಿಯ ತಡೆ ತೀರಾ ಚಿಕ್ಕದು. ಇಂಥ ಕಡೆ ಸಣ್ಣ ತಪ್ಪೂ ಎದ್ದು ಕಾಣುತ್ತದೆ. ಎಕ್ಸ್‌ಟಿಬಿ ಕೋನ-ಶಕ್ತಿ ಗ್ರಾಫಿನ ಆಕಾರ ಹಿಡಿಯಿತು, ತಡೆಯ ಎತ್ತರದಲ್ಲಿ ಎಡವಿತು. ಆನಿ ಡಿಎಫ್‌ಟಿಯ ಹತ್ತಿರವೇ ನಡೆಯಿತು.

ಆದರೆ ಆನಿಗೆ ಗೊತ್ತಿರುವುದು ಏಳೇ ಮೂಲವಸ್ತು: ಹೈಡ್ರೋಜನ್, ಕಾರ್ಬನ್, ನೈಟ್ರೋಜನ್, ಆಕ್ಸಿಜನ್, ಫ್ಲೋರಿನ್, ಸಲ್ಫರ್, ಕ್ಲೋರಿನ್. ಬ್ರೋಮಿನ್ ಕೊಟ್ಟರೆ ಆಗೋದಿಲ್ಲ ಎಂದು ಎರರ್ ಕೊಟ್ಟು ನಿಲ್ಲುತ್ತದೆ. ಅದು ಒಳ್ಳೆಯದೇ. ಭಯ ಆಗುವುದು ಚಾರ್ಜ್ ಇರುವ ಅಸಿಟೇಟ್ ಅಯಾನು ಕೊಟ್ಟಾಗ. ಆನಿ ಕೇಳುವುದು ಪರಮಾಣು ಯಾವುದು, ಎಲ್ಲಿದೆ, ಇಷ್ಟೇ. ಚಾರ್ಜ್ ಬರೆಯಲು ಜಾಗವೇ ಇಲ್ಲ. ಹಾಗಾಗಿ ಏನೂ ಆಗದಂತೆ ಒಂದು ಶಕ್ತಿಯ ಸಂಖ್ಯೆ ಕೊಟ್ಟುಬಿಡುತ್ತದೆ, ದಶಮಾಂಶಗಳ ಸಮೇತ! ಒಳಗೆ 8 ನರಜಾಲಗಳಿವೆ, ಅವುಗಳ ಉತ್ತರ ಎಷ್ಟು ಚದುರಿದೆ ಎಂದು ನೋಡಿದರೆ ಸುಳಿವು ಸಿಗಬಹುದು. ಎಂಟೂ ಸೇರಿ ಒಂದೇ ತಪ್ಪು ಹೇಳಿದರೆ ಯಾರು ಹಿಡಿಯಬೇಕು, ಅಲ್ವಾ?

ಮೇಸ್-ಆಫ್23 ಹತ್ತು ಮೂಲವಸ್ತುಗಳನ್ನು ಬಲ್ಲದು. ರಂಜಕ, ಬ್ರೋಮಿನ್, ಅಯೋಡಿನ್ ಕೂಡ ಸೇರಿವೆ. ಕಲಿತ ಡಿಎಫ್‌ಟಿ ದತ್ತಾಂಶವೂ ಆನಿಯದಕ್ಕಿಂತ ಮೇಲ್ಮಟ್ಟದ್ದು. ನೆರೆಯ ಪರಮಾಣುಗಳು ಪರಸ್ಪರ ಮಾಹಿತಿ ದಾಟಿಸುವುದರಿಂದ ಸ್ವಲ್ಪ ದೂರದ ಪ್ರಭಾವವೂ ಲೆಕ್ಕಕ್ಕೆ ಬರುತ್ತದೆ. ನಿಖರತೆಯಲ್ಲಿ ನನ್ನ ವೋಟು ಇದಕ್ಕೇ. ಆದರೆ ಆನಿಗಿಂತ ನಿಧಾನ, ಜಿಪಿಯು ಇಲ್ಲದೆ ಸುಮ್ನೆ ಕೈ ಹಾಕಬೇಡಿ. ಅಯಾನಿನ ವಿಷಯದಲ್ಲಿ ಇದೂ ಅದೇ ಕಥೆ, ಕಲಿತದ್ದು ಚಾರ್ಜ್ ಇಲ್ಲದ ಅಣುಗಳನ್ನು ಮಾತ್ರ.

ಈಗ ನಾನು ಎಕ್ಸ್‌ಟಿಬಿಯಲ್ಲಿ ಕನ್‌ಫಾರ್ಮರ್ ಹುಡುಕಿ, ಮೇಸ್‌ನಲ್ಲಿ ಜರಡಿ ಹಿಡಿದು, ಉಳಿದ ಕೆಲವನ್ನಷ್ಟೇ ಡಿಎಫ್‌ಟಿಗೆ ಕಳಿಸುತ್ತೇನೆ. ಅಯಾನು ಅಥವಾ ಲೋಹ ಇದ್ದರೆ ನಡುವಿನ ಹಂತ ಬಿಟ್ಟುಬಿಡುತ್ತೇನೆ. ಒಂದೇ ಕುಟುಂಬದ ಅಣುಗಳು ಜಾಸ್ತಿ ಇದ್ದರೆ ಡೆಲ್ಟಾ ಲರ್ನಿಂಗ್ ನೋಡಿ. ಅಗ್ಗದ ವಿಧಾನಕ್ಕೂ ದುಬಾರಿ ವಿಧಾನಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಮಾದರಿಗೆ ಕಲಿಸುವ ಉಪಾಯ ಅದು. ಎಕ್ಸ್‌ಟಿಬಿಯನ್ನು ತಳಕ್ಕೆ ಇಟ್ಟುಕೊಂಡರೆ ಚಾರ್ಜಿನ ಲೆಕ್ಕ ಅಲ್ಲೇ ಸೇರಿರುತ್ತದೆ.