ವೆಲ್ಸರ ಫಿರಂಗಿ, ಥಾಮಸರ ದಾಳ

ಎಚ್. ಜಿ. ವೆಲ್ಸ್ 1913ರಲ್ಲಿ ಪ್ರಕಟಿಸಿದ ‘ಲಿಟಲ್ ವಾರ್ಸ್’ ಹಾಗೂ ನೀಲ್ ಥಾಮಸ್ 2014ರಲ್ಲಿ ಹೊರತಂದ ‘ಒನ್ ಅವರ್ ವಾರ್‌ಗೇಮ್ಸ್’, ಆಟಿಕೆ ಸಿಪಾಯಿಗಳ ಯುದ್ಧದಾಟದ ಈ ಎರಡು ಪುಸ್ತಕಗಳ ನಿಯಮಗಳನ್ನೂ ಒಂದೇ ಡಬ್ಬಿಯ ಪ್ಲಾಸ್ಟಿಕ್ ಸಿಪಾಯಿಗಳನ್ನಿಟ್ಟುಕೊಂಡು ನಾನೂ ನನ್ನ ಭಾವಮೈದುನನೂ ಕೆಲವು ಭಾನುವಾರ ಆಡಿ ನೋಡಿದೆವು. ಎರಡೂ ಸರಳವೇ; ಆದರೆ ಸರಳತೆಗಾಗಿ ಒಬ್ಬರು ಕೈಬಿಟ್ಟಿದ್ದನ್ನೇ ಮತ್ತೊಬ್ಬರು ಉಳಿಸಿಕೊಂಡಿದ್ದಾರೆ.

ವೆಲ್ಸರ ಕಾಳಗದಲ್ಲಿ ದಾಳಕ್ಕೆ ಕೆಲಸವಿಲ್ಲ, ಕಾಲಾಳಿನ ಬಂದೂಕಿಗೂ ಇಲ್ಲ. ದೂರದಿಂದ ಕೊಲ್ಲುವುದು ಫಿರಂಗಿ ಮಾತ್ರ, ಅದನ್ನೂ ನಿಜವಾಗಿಯೇ ಹಾರಿಸಬೇಕು: ಸ್ಪ್ರಿಂಗ್ ಫಿರಂಗಿಯ ಮರದ ತುಂಡು ತಗುಲಿ ಉರುಳಿದ ಸಿಪಾಯಿ ಸತ್ತಂತೆ. ಹೀಗಾಗಿ ಮೊದಲ ದಿನ ಗುರಿಕಾರನಾದ ಭಾವಮೈದುನನೇ ಗೆದ್ದ. ಆದರೆ ಫಿರಂಗಿಯ ಆರು ಅಂಗುಲದೊಳಗೆ ನಾಲ್ವರಾದರೂ ಇಲ್ಲದಿದ್ದರೆ ಅದನ್ನು ಹಾರಿಸುವಂತಿಲ್ಲ, ಕದಲಿಸುವಂತೆಯೂ ಇಲ್ಲ ಎಂಬ ನಿಯಮ ನನಗೆ ದಾರಿ ತೋರಿಸಿತು. ಎರಡನೆಯ ದಿನ ಅವನ ಫಿರಂಗಿಯ ಬಳಿಯಿದ್ದ ಐವರಲ್ಲಿ ಇಬ್ಬರನ್ನು ಉರುಳಿಸಿದೊಡನೆ ಅದು ಮೂಕವಾಯಿತು.

ವೆಲ್ಸರ ಆಟದ ನಿಜವಾದ ಬುದ್ಧಿವಂತಿಕೆಯಿರುವುದು ಕೈಕೈ ಮಿಲಾಯಿಸುವ ಕಾಳಗದಲ್ಲಿ. ಸಾಮಾನ್ಯವಾಗಿ ಅಲ್ಲಿ ಆಳಿಗೆ ಆಳು ಸಾಯಬೇಕು. ಆದರೆ ಒಂದು ಗುಂಪಿನ ಸಂಖ್ಯೆಯ ಅರ್ಧದಷ್ಟಾದರೂ ಬೇರೆ ಸ್ವಪಕ್ಷದವರು ಒಂದು ನಡೆಯ ದೂರದೊಳಗೆ ಇಲ್ಲದೆ ಹೋದರೆ, ಇಮ್ಮಡಿ ಸಂಖ್ಯೆಯ ಶತ್ರುಗಳು ಬಂದು ಮುಟ್ಟಿದಾಗ ಆ ಗುಂಪು ಸೆರೆಯಾಗುತ್ತದೆ. ಕಾಲಾಳಿನ ನಡೆ ಒಂದು ಅಡಿ. ಹಿತ್ತಲ ಗೋಡೆಯೆಂದು ಜೋಡಿಸಿದ್ದ ಪುಸ್ತಕಗಳ ಹಿಂದೆ ನನ್ನ ಎಂಟು ಮಂದಿಯಿದ್ದರು. ಅವರಿಗೆ ಆಸರೆಯೆಂದು ನಾನು ನಂಬಿದ್ದ ನಾಲ್ವರಲ್ಲಿ ಒಬ್ಬ, ದಾರ ಹಿಡಿದು ಅಳೆದಾಗ, ನಾಲ್ಕು ಬೆರಳಿನಷ್ಟು ಹೊರಗುಳಿದಿದ್ದ. ಎಂಟೂ ಮಂದಿ ಸೆರೆಯಾದರು.

ಥಾಮಸರ ಆಟಕ್ಕೆ ಮೂರಡಿ ಚೌಕದ ಮೇಜು, ಪಕ್ಷಕ್ಕೆ ಆರು ತುಕಡಿ ಸಾಕು. ನೆಲದ ಮೇಲೆ ಮಂಡಿಯೂರಿ ಕೂರುವ ಕಷ್ಟವಿಲ್ಲ. 15 ಪೆಟ್ಟು ತಿಂದ ತುಕಡಿ ಮೇಜಿನಿಂದಾಚೆ ಹೋಗುತ್ತದೆ. ಬಂದೂಕಿನ ಕಾಲಾಳುಗಳ ದಾಳದಲ್ಲಿ ಬಿದ್ದ ಸಂಖ್ಯೆಯಷ್ಟೇ ಪೆಟ್ಟು, ಗುರಿಯಾದ ತುಕಡಿ ಮರೆಯಲ್ಲಿದ್ದರೆ ಅರ್ಧ. ಸರಾಸರಿ ಮೂರೂವರೆ ಬೀಳುವುದರಿಂದ ಬಯಲಿನಲ್ಲಿ ನಿಂತ ತುಕಡಿ ನಾಲ್ಕೈದು ಸುತ್ತಿಗೆ ಮುಗಿಯುತ್ತದೆಂದು ಮೊದಲೇ ಲೆಕ್ಕ ಹಾಕಬಹುದು, ಆದ್ದರಿಂದ ಯಾವಾಗ ಹಿಂದೆ ಸರಿಯಬೇಕೆಂಬುದು ನಿಜವಾದ ಪ್ರಶ್ನೆಯಾಗುತ್ತದೆ. ನನ್ನ ತಕರಾರು ಒಂದೇ: 14 ಪೆಟ್ಟು ತಿಂದ ತುಕಡಿಯೂ ಆಗತಾನೇ ಬಂದದ್ದರಷ್ಟೇ ಕಸುವಿನಿಂದ ಹೊಡೆಯುತ್ತದೆ. ಭಾವಮೈದುನನಿಗೆ ಇದು ದೋಷವೆನಿಸುವುದಿಲ್ಲ. ಲೆಕ್ಕ ಕಡಿಮೆಯಾಯಿತಲ್ಲ ಎನ್ನುತ್ತಾನೆ.

ಕಚೇರಿಯಿಂದ ಬಂದ ಸಂಜೆಗೆ ಥಾಮಸರದೇ ಸರಿ, ಒಂದು ಗಂಟೆಯೊಳಗೆ ಸೋಲು-ಗೆಲುವು ತಿಳಿದುಬಿಡುತ್ತದೆ. ವೆಲ್ಸರದಕ್ಕೆ ಕೋಣೆಯನ್ನೇ ತೆರವು ಮಾಡಬೇಕು. ಮೂವತ್ತು ಆಳಿಗೆ ಒಂದು ನಿಮಿಷ, ಫಿರಂಗಿಗೊಂದು ನಿಮಿಷ ಎಂದು ಅವರು ವಿಧಿಸಿದ ಗಡುವನ್ನು ಪಾಲಿಸದಿದ್ದರೆ ಮಧ್ಯಾಹ್ನವಿಡೀ ಕಳೆಯುತ್ತದೆ. ಆದರೂ ಆ ಸೆರೆಯ ನಿಯಮವನ್ನು ಬಿಡಲು ಮನಸ್ಸಾಗದೆ ಥಾಮಸರ ಆಟಕ್ಕೆ ಕಸಿಮಾಡಿದ್ದೇನೆ: ಒಂದು ಅಡಿಯೊಳಗೆ ಜೊತೆಗಾರ ತುಕಡಿಯಿಲ್ಲದವರನ್ನು ಎರಡು ಶತ್ರು ತುಕಡಿಗಳು ಸುತ್ತುಗಟ್ಟಿದರೆ ಸೆರೆ. ಇದರಿಂದ 15 ಸರದಿಯ ಆಟ ಹತ್ತರೊಳಗೇ ಮುಗಿಯತೊಡಗಿದ್ದು, ಎರಡರ ಬದಲು ಮೂರು ತುಕಡಿ ಬೇಕೆಂದು ತಿದ್ದಿ ನೋಡಬೇಕಾಗಿದೆ.