ಸಿಪ್ಯಾಪ್ (ನಿದ್ದೆಯಲ್ಲಿ ಉಸಿರು ಕಟ್ಟದ ಹಾಗೆ ಗಾಳಿ ಊದುವ ಮೆಷಿನ್) ಜೊತೆ ಮೂರು ತಿಂಗಳು: ಮೆಷಿನ್‌ಗೆ ನಾಲ್ಕು ಸ್ಟಾರ್, ಅಂಗಡಿಗೆ ಒಂದು

ನಾನು ಗೊರಕೆ ಹೊಡೆಯುತ್ತೇನೆ ಅಂದರೆ 52 ವರ್ಷ ನಾನೇ ನಂಬಿರಲಿಲ್ಲ. ಕೊನೆಗೆ ನನ್ನ ಹೆಂಡತಿ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಕೇಳಿಸಿದಳು. ಗೊರಕೆ ಹೋಗಲಿ, ನಡುನಡುವೆ ಸದ್ದೇ ಇಲ್ಲ. "ರೀ, ಎಣಿಸಿ ನೋಡಿ, ಇಪ್ಪತ್ತು ಸೆಕೆಂಡ್ ಉಸಿರೇ ಇಲ್ಲ" ಅಂದಳು. ಆಮೇಲೆ ನೀರಲ್ಲಿ ಮುಳುಗಿದವನು ತಲೆ ಎತ್ತಿದ ಹಾಗೆ ಗಕ್ ಅಂತ ಒಂದು ಶಬ್ದ. ಮಧ್ಯಾಹ್ನ ಬ್ಯಾಂಕಿನಲ್ಲಿ ತೂಕಡಿಸುವುದಕ್ಕೆ ನಾನು ಸುಮ್ನೆ ನಮ್ಮ ದಾವಣಗೆರೆ ಬೆಣ್ಣೆ ದೋಸೆಯನ್ನು ದೂರುತ್ತಿದ್ದೆ.

ಡಾಕ್ಟರ್ ಮನೆಯಲ್ಲೇ ಪರೀಕ್ಷೆ ಮಾಡಿಸಿದರು. ಬೆರಳಿಗೊಂದು ಕ್ಲಿಪ್, ಎದೆಗೆ ಬೆಲ್ಟ್, ಮೂಗಿಗೆ ಸಣ್ಣ ಟ್ಯೂಬ್. ರಿಪೋರ್ಟಿನಲ್ಲಿ 38 ಅಂತ ಬಂತು. ಅಂದರೆ ಗಂಟೆಗೆ 38 ಸಲ, ಪ್ರತಿ ಸಲ ಕನಿಷ್ಠ 10 ಸೆಕೆಂಡ್, ಉಸಿರು ನಿಂತಿದೆ ಇಲ್ಲವೇ ತುಂಬಾ ಕಡಿಮೆಯಾಗಿದೆ. 5ರ ಒಳಗಿದ್ದರೆ ಸರಿ, 30 ದಾಟಿದರೆ ತೀವ್ರ. ನಿದ್ದೆಯಲ್ಲಿ ಹೀಗೆ ಉಸಿರು ನಿಲ್ಲುವ ಕಾಯಿಲೆಗೆ ಸ್ಲೀಪ್ ಆಪ್ನಿಯಾ ಅಂತ ಹೆಸರು.

ಸಿಪ್ಯಾಪ್ ಮೆಷಿನ್ ಬಾಡಿಗೆಗೆ ತಂದೆ, ತಿಂಗಳಿಗೆ 3,500 ರೂಪಾಯಿ. ನಿದ್ದೆಯಲ್ಲಿ ಗಂಟಲು ಕುಸಿದು ಮುಚ್ಚಿಕೊಳ್ಳದ ಹಾಗೆ ಒಂದೇ ಸಮ ಗಾಳಿ ಊದುತ್ತದೆ, ಇಷ್ಟೇ ಇದರ ಕೆಲಸ. ಸದ್ದು ಫ್ಯಾನಿಗಿಂತ ಕಡಿಮೆ. ಕರೆಂಟ್ ಹೋದರೆ ನಮ್ಮ ಇನ್ವರ್ಟರ್ ಮೇಲೂ ಓಡುತ್ತದೆ, ಗಾಳಿಗೆ ತೇವ ಕೊಡಲು ಮೆಷಿನ್ನಿನಲ್ಲೇ ಇರುವ ನೀರಿನ ತೊಟ್ಟಿಯ ಹೀಟರ್ ಆಫ್ ಮಾಡಬೇಕು ಅಷ್ಟೇ. ಆ ತೊಟ್ಟಿಗೆ ಡಿಸ್ಟಿಲ್ಡ್ ನೀರೇ ಹಾಕಿ. ನಾನು ಬೋರ್ ನೀರು ಹಾಕಿ ಒಂದೇ ವಾರದಲ್ಲಿ ಬಿಳಿ ಪೊರೆ ಕಟ್ಟಿತು.

ಗೋಳೆಲ್ಲ ಮಾಸ್ಕಿನದು. ಅಂಗಡಿಯವರು ಮೂಗು ಬಾಯಿ ಎರಡೂ ಮುಚ್ಚುವ ದೊಡ್ಡದನ್ನು ಕೊಟ್ಟು "ಎಲ್ಲರಿಗೂ ಇದೇ ಸರ್" ಅಂದರು. ನನಗೆ ದಪ್ಪ ಮೀಸೆ. ಮೀಸೆ ಸಂದಿಯಿಂದ ಗಾಳಿ ಸೋರಿ ಕಣ್ಣಿಗೆ ಬಡಿಯುತ್ತಿತ್ತು. ಗಾಳಿಯ ಪ್ರೆಶರನ್ನು ಮೆಷಿನ್ ತಾನೇ ಏರಿಸಿ ಇಳಿಸುವ ಮಿತಿಯನ್ನು 4ರಿಂದ 20ರವರೆಗೆ ಹಾಗೇ ಬಿಟ್ಟಿದ್ದರು. 4ರಲ್ಲಿ ಉಸಿರು ಕಟ್ಟಿದ ಹಾಗಾಗಿ ಎರಡು ರಾತ್ರಿ ಕಿತ್ತೆಸೆದೆ. ಡಾಕ್ಟರ್ ಆ ಮಿತಿಯನ್ನು 7ರಿಂದ 13ರವರೆಗೆ ಹೊಂದಿಸಿಕೊಟ್ಟ ಮೇಲೆ ಸರಿಹೋಯಿತು. ಮೂಗಿನ ಹೊಳ್ಳೆಗೆ ಮಾತ್ರ ಕೂರುವ ಪಿಲ್ಲೋ ಮಾಸ್ಕ್ ಅಂತ ಒಂದಿದೆ, ಮೀಸೆಯವರಿಗೆ ಅದೇ ಸರಿ ಅಂತಲೂ ಡಾಕ್ಟರೇ ಹೇಳಿದ್ದು. ಅಂಗಡಿಯವರು ಬದಲಾಯಿಸಿಕೊಡಲಿಲ್ಲ. ಮತ್ತೆ 4,200 ದಂಡ. 1980ರ ದಶಕದ ಆರಂಭದಲ್ಲಿ ಸಿಡ್ನಿಯಲ್ಲಿ ಕಾಲಿನ್ ಸಲಿವನ್ ಎಂಬ ಡಾಕ್ಟರ್ ಈ ಚಿಕಿತ್ಸೆ ಶುರು ಮಾಡಿದಾಗ ಮಾಸ್ಕನ್ನು ದಿನಾ ಮೂಗಿಗೆ ಅಂಟು ಹಾಕಿ ಕೂರಿಸುತ್ತಿದ್ದರಂತೆ. ಅದನ್ನು ಓದಿ ಸಿಟ್ಟು ಸ್ವಲ್ಪ ಇಳಿಯಿತು.

ಇನ್ನು ಯಾವ ಅಂಗಡಿಯವರೂ ಹೇಳದ ವಿಷಯ, ಕನಸು. ಎಷ್ಟೋ ವರ್ಷದಿಂದ ನನಗೆ ಕನಸೇ ಬೀಳುತ್ತಿರಲಿಲ್ಲ. ಹೊಸ ಮಾಸ್ಕ್ ಹಾಕಿದ ನಾಲ್ಕನೇ ರಾತ್ರಿ ಕಟ್ಟೆ ಒಡೆದ ಹಾಗೆ ಬಂದವು. ತೀರಿಹೋದ ಅಪ್ಪ ಚನ್ನಗಿರಿ ಮನೆಯ ಅಂಗಳದಲ್ಲಿ ನಿಂತು "ಲೇ, ಮೋಡ ಆಯ್ತು, ಅಡಿಕೆ ಎತ್ತೋ" ಅಂತ ಕೂಗುತ್ತಿದ್ದಾರೆ. ನಾನು ಎಷ್ಟು ಬಾಚಿದರೂ ಅಡಿಕೆ ಮುಗಿಯುತ್ತಿಲ್ಲ. ಎದ್ದಾಗ ಕೈ ನೋಯುತ್ತಿದೆ ಅನ್ನಿಸಿತು. ಡಾಕ್ಟರನ್ನು ಕೇಳಿದೆ. ಜಾಸ್ತಿ ಕನಸು ಬೀಳುವ ನಿದ್ದೆಯಲ್ಲಿ ಮೈಯ ಬಹುತೇಕ ಸ್ನಾಯುಗಳು ಸಡಿಲವಾಗುತ್ತವೆ, ಗಂಟಲಿನದೂ ಸೇರಿ. ಹಾಗಾಗಿ ಉಸಿರು ಕಟ್ಟುವುದೂ ಆಗಲೇ ಹೆಚ್ಚು, ನಿದ್ದೆ ಒಡೆಯುವುದೂ ಆಗಲೇ. ಈಗ ತಡೆ ಹೋಯಿತಲ್ವಾ, ಮೆದುಳು ಹಳೆ ಬಾಕಿ ವಸೂಲಿ ಮಾಡುತ್ತದೆ, ಕೆಲವು ದಿನಕ್ಕೆ ಕಡಿಮೆಯಾಗುತ್ತದೆ ಅಂದರು. ಕಡಿಮೆಯಾಯಿತು. ನಿಜ ಹೇಳಬೇಕಂದರೆ ಬೇಜಾರೂ ಆಯಿತು.

ಈಗ ಮೆಷಿನ್ ತೋರಿಸುವ ಲೆಕ್ಕ ಗಂಟೆಗೆ 3. ಮಧ್ಯಾಹ್ನದ ತೂಕಡಿಕೆ ಇಲ್ಲ, ದೋಸೆ ಬಿಟ್ಟಿಲ್ಲ. ಬಾಡಿಗೆಯದನ್ನು ವಾಪಸ್ ಕೊಟ್ಟು ಬೇರೆ ಅಂಗಡಿಯಲ್ಲಿ ಸ್ವಂತದ್ದೇ ಕೊಂಡೆ. ಹಳೆ ಅಂಗಡಿಯವರು 10,000 ಡೆಪಾಸಿಟ್ ಇನ್ನೂ ಕೊಟ್ಟಿಲ್ಲ, ಫೋನೂ ಎತ್ತುತ್ತಿಲ್ಲ.